ಹನೋಯ್ ಗೋಪುರದ ಪ್ರಯೋಗ: ಜೂನ್‌ನಿಂದ ಆಗಸ್ಟ್‌ವರೆಗಿನ ಪ್ರಗತಿ

ಜೂನ್

ಜನ ಒಂದು ಸಮಸ್ಯೆಯನ್ನು ಬಿಡಿಸುವಾಗ ಅವರ ಯೋಚನೆ ಹೆಜ್ಜೆಹೆಜ್ಜೆಯಾಗಿ ಹೇಗೆ ಸಾಗುತ್ತದೆ ಎಂಬುದನ್ನು ಮನೆಯಲ್ಲೇ ಗಮನಿಸಿ ದಾಖಲಿಸುವ ನನ್ನ ಹವ್ಯಾಸದ ಕೆಲಸಕ್ಕೆ ಬೇಕಾದ ಮೊದಲ ಸಾಮಗ್ರಿ ಸಿದ್ಧವಾಗಿದೆ. ಇಲ್ಲಿ ಮುಂಬಯಿ ಬಳಿಯ ಡೊಂಬಿವಲಿ ಪೂರ್ವದ ಬಡಗಿಯೊಬ್ಬರು ಮಾವಿನ ಮರದಲ್ಲಿ ಹನೋಯ್ ಗೋಪುರವನ್ನು ಮಾಡಿಕೊಟ್ಟಿದ್ದಾರೆ: ಒಂದು ಹಲಗೆ, ಮೂರು ಗೂಟ, ನಡುವೆ ತೂತಿರುವ ಬೇರೆ ಬೇರೆ ಅಳತೆಯ ಐದು ಬಿಲ್ಲೆ. ಫ್ರಾನ್ಸಿನ ಗಣಿತಜ್ಞ ಎದುವಾರ್ ಲೂಕಾ 1883ರಲ್ಲಿ ಹೊರತಂದ ಈ ಆಟದ ನಿಯಮ ಸರಳ. ಒಂದು ಸಲಕ್ಕೆ ಒಂದೇ ಬಿಲ್ಲೆಯನ್ನು ಎತ್ತಬೇಕು, ಚಿಕ್ಕದರ ಮೇಲೆ ದೊಡ್ಡದನ್ನು ಇಡಬಾರದು, ಇಡೀ ಗೋಪುರವನ್ನು ಇನ್ನೊಂದು ಗೂಟಕ್ಕೆ ಸಾಗಿಸಬೇಕು. ಮೂರು ಬಿಲ್ಲೆಗೆ 7, ನಾಲ್ಕಕ್ಕೆ 15, ಐದಕ್ಕೆ 31 ನಡೆಗಳು ಸಾಕು.

ಆಡುವವರು ಮನಸ್ಸಿಗೆ ಬಂದದ್ದನ್ನೆಲ್ಲ ಗಟ್ಟಿಯಾಗಿ ಹೇಳುತ್ತಲೇ ಆಡಬೇಕು. ನಾನು ಅದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಆಮೇಲೆ ಒಂದೊಂದು ನಡೆಯ ಎದುರು ಆ ಹೊತ್ತಿನ ಮಾತನ್ನು ಬರೆದುಕೊಳ್ಳುತ್ತೇನೆ. ಈ ವಿಧಾನವನ್ನು ಅಮೆರಿಕದ ಸಂಶೋಧಕರಾದ ಅಲೆನ್ ನ್ಯೂವೆಲ್ ಮತ್ತು ಹರ್ಬರ್ಟ್ ಸೈಮನ್ ತಮ್ಮ ಸಂಶೋಧನೆಯ ಮುಖ್ಯ ಸಾಧನವಾಗಿಸಿಕೊಂಡಿದ್ದರು. ಮನೋವಿಜ್ಞಾನಿ ಆಂಡರ್ಸ್ ಎರಿಕ್ಸನ್ ಮತ್ತು ಸೈಮನ್ 1980ರಲ್ಲಿ ಕೊಟ್ಟ ಎಚ್ಚರಿಕೆಯನ್ನು ನಾನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದೇನೆ. ಮಾತು ನಿಂತಾಗ "ಹೇಳ್ತಾ ಇರಿ" ಎನ್ನಬಹುದು, ಆದರೆ "ಯಾಕೆ ಹಾಗೆ ಮಾಡಿದಿರಿ" ಎಂದು ನಡುವೆ ಕೇಳಬಾರದು, ಏಕೆಂದರೆ ಕಾರಣ ಕೊಡಲು ಹೊರಟವರ ಯೋಚನೆಯ ದಾರಿಯೇ ಬದಲಾಗುತ್ತದೆ. ನಮ್ಮ ವಸತಿ ಸೊಸೈಟಿಯ ಕನ್ನಡಿಗರು ಭಾನುವಾರ ಸಂಜೆ ಚಹಾಕ್ಕೆ ಸೇರುವಾಗ ಈ ಕೆಲಸ ನಡೆಯುತ್ತಿದೆ.

ಜುಲೈ

ಮೇಲಿನ ಮಹಡಿಯ ರಾಯರು ಬ್ಯಾಂಕಿನಿಂದ ನಿವೃತ್ತರಾದವರು. ನಾಲ್ಕು ಬಿಲ್ಲೆಗಳ ಮುಂದೆ ಕುಳಿತು ಅವರು ಆಡಿದ ಮಾತು ನನ್ನ ಪುಸ್ತಕದಲ್ಲಿ ಹೀಗಿದೆ: "ದೊಡ್ಡದು ಆ ಕಡೆ ಹೋಗ್ಬೇಕು. ಅದರ ಮೇಲೆ ಮೂರು ಕೂತಿವೆ. ಅವು ನಡುವಿನ ಗೂಟಕ್ಕೆ ಹೋದ್ರೆ ತಾನೇ ದಾರಿ ಬಿಡೋದು? ಹಾಗಾದ್ರೆ ಮೊದಲು ಆ ಮೂರನೇದನ್ನ ಬಿಡಿಸ್ಬೇಕು… ಅದಕ್ಕೆ ಮೇಲಿನ ಎರಡು…" ಕೈ ಇನ್ನೂ ಬಿಲ್ಲೆಯನ್ನು ಮುಟ್ಟಿರಲಿಲ್ಲ. ಗುರಿಯಿಂದ ಹಿಂದಕ್ಕೆ ಬಂದು, ಅಡ್ಡಿ ಯಾವುದೆಂದು ಗುರುತಿಸಿ, ಆ ಅಡ್ಡಿಯ ನಿವಾರಣೆಯನ್ನೇ ಉಪಗುರಿಯಾಗಿಸಿಕೊಳ್ಳುವ ಈ ಕ್ರಮವನ್ನೇ ನ್ಯೂವೆಲ್ ಮತ್ತು ಸೈಮನ್ ಸಾಧನ-ಸಾಧ್ಯ ವಿಶ್ಲೇಷಣೆಯೆಂದು ವಿವರಿಸಿ, 1950ರ ದಶಕದ ಕೊನೆಯಲ್ಲಿ ತಮ್ಮ ಕಂಪ್ಯೂಟರ್ ಪ್ರೋಗ್ರಾಮಿಗೂ ಅಳವಡಿಸಿದ್ದರು. ಈ ಕ್ರಮದ ಹೆಸರನ್ನೂ ಕೇಳದ ವ್ಯಕ್ತಿಯ ಬಾಯಿಂದ ಅದು ಇಷ್ಟು ಸ್ಪಷ್ಟವಾಗಿ ಬಂದದ್ದು ನನಗೆ ಈ ತಿಂಗಳ ದೊಡ್ಡ ಸಂತೋಷ.

ಉಳಿದವರಲ್ಲಿ ಹೆಚ್ಚಿನವರು ಮೂರು ಬಿಲ್ಲೆಯಲ್ಲಿ ಕಲಿತ ಮೊದಲ ನಡೆಯನ್ನೇ ನಾಲ್ಕಕ್ಕೂ ತಂದರು. ಮೂರಿದ್ದಾಗ ಎಲ್ಲಕ್ಕಿಂತ ಚಿಕ್ಕದನ್ನು ಗುರಿಯ ಗೂಟಕ್ಕೇ ಇಡಬೇಕು. ನಾಲ್ಕಿದ್ದಾಗ ನಡುವಿನ ಗೂಟಕ್ಕೆ ಇಡಬೇಕು. ಫಲ ಕೊಟ್ಟ ರೂಢಿ ಹೀಗೆ ಮುಂದಿನ ಸಮಸ್ಯೆಯನ್ನು ನೋಡುವ ಕಣ್ಣಿಗೇ ಅಡ್ಡ ಬರುವುದನ್ನು ಮನೋವಿಜ್ಞಾನಿ ಅಬ್ರಹಾಂ ಲೂಚಿನ್ಸ್ 1942ರಲ್ಲಿ ನೀರಿನ ಪಾತ್ರೆಗಳ ಲೆಕ್ಕದ ಮೂಲಕ ತೋರಿಸಿದ್ದರು. 21, 127 ಮತ್ತು 3 ಅಳತೆಯ ಪಾತ್ರೆಗಳಿಂದ 100 ಅಳೆಯಲು, ನಡುವಿನ ಪಾತ್ರೆಯನ್ನು ತುಂಬಿ ಮೊದಲನೆಯದನ್ನು ಒಮ್ಮೆ, ಮೂರನೆಯದನ್ನು ಎರಡು ಬಾರಿ ಕಳೆಯಬೇಕು. ಇಂಥವನ್ನೇ ಕೆಲವು ಬಿಡಿಸಿದವರಿಗೆ 23, 49 ಮತ್ತು 3ರಿಂದ 20 ಅಳೆಯಲು ಹೇಳಿದರೆ ಹೆಚ್ಚಿನವರು ಅದೇ ಸುತ್ತುಬಳಸಿನ ದಾರಿ ಹಿಡಿಯುತ್ತಾರೆ. 23ರಲ್ಲಿ 3 ಕಳೆದರೆ ಮುಗಿಯಿತೆಂಬುದು ಕಾಣುವುದಿಲ್ಲ.

ಜುಲೈ ಕೊನೆ

ಮಳೆ ಹಿಡಿದ ಮೇಲೆ ಮರ ಉಬ್ಬಿತು. ಬಿಲ್ಲೆಗಳ ತೂತು ಬಿಗಿಯಾಗಿ, ಒಂದೊಂದನ್ನೂ ಎರಡು ಕೈಯಿಂದ ತಿರುಗಿಸುತ್ತ ಎಳೆಯಬೇಕಾಯಿತು. ಪಾಲಿಶ್ ಪೇಪರಿನಿಂದ ಉಜ್ಜಿ ಸರಿಪಡಿಸುವ ಮೊದಲು ರೆಕಾರ್ಡಿಂಗ್ ಕೇಳಿ ನೋಡಿದೆ. ಹೊಸದಾಗಿ ಆಡಿದವರು ಮೊದಲ ನಡೆಗೆ ಮುಂಚೆ ಹೆಚ್ಚು ಹೊತ್ತು ಮಾತನಾಡುತ್ತಿದ್ದರು. ಜೂನ್‌ನಲ್ಲಿ "ಇಟ್ಟು ನೋಡೋಣ" ಎಂದು ಶುರುವಾಗುತ್ತಿದ್ದ ಆಟ ಈಗ "ಇರಿ, ಇದನ್ನ ಎತ್ತಿದ್ರೆ ಮತ್ತೆ ವಾಪಸ್ ಇಡೋ ಹಾಗಿರಬಾರದು" ಎಂದು ಶುರುವಾಗುತ್ತಿತ್ತು. ಕೆನ್ಟನ್ ಒ'ಹಾರಾ ಮತ್ತು ಸ್ಟೀಫನ್ ಪೇನ್ 1998ರಲ್ಲಿ ಪ್ರಕಟಿಸಿದ್ದ ಪ್ರಯೋಗಗಳ ಫಲವೂ ಇದೇ ದಿಕ್ಕಿನದು. ಒಂದು ನಡೆಗೆ ತಗಲುವ ಶ್ರಮವನ್ನು ಹೆಚ್ಚಿಸಿದಾಗ ಜನ ತಲೆಯೊಳಗೆ ಹೆಚ್ಚು ಯೋಜಿಸುತ್ತಾರೆ ಮತ್ತು ಕಡಿಮೆ ನಡೆಗಳಲ್ಲಿ ಮುಗಿಸುತ್ತಾರೆ. ನನ್ನ ಗುಂಪು ಚಿಕ್ಕದು, ಆಡಿದವರೂ ಬೇರೆ ಬೇರೆಯವರು. ಆದ್ದರಿಂದ ಇದನ್ನು ಪುರಾವೆಯೆಂದು ಹೇಳಲಾರೆ. ಆದರೂ ಸಮಸ್ಯೆಯ ಕಷ್ಟವನ್ನು ಅದರ ನಿಯಮಗಳಲ್ಲಿ ಮಾತ್ರ ಹುಡುಕಿದರೆ ಸಾಲದು, ಕೈಗೆ ಸಿಗುವ ವಸ್ತುವಿನಲ್ಲೂ ಹುಡುಕಬೇಕೆಂಬ ನನ್ನ ನಂಬಿಕೆ ಇದರಿಂದ ಗಟ್ಟಿಯಾಗಿದೆ.

ಆಗಸ್ಟ್

ಆ ನಂಬಿಕೆಯನ್ನು ಇನ್ನೊಂದು ರೀತಿಯಲ್ಲಿ ಪರೀಕ್ಷಿಸಲು ಮುಂಬಯಿಯ ಭುಲೇಶ್ವರದ ಪಾತ್ರೆ ಅಂಗಡಿಯಿಂದ ಒಂದರೊಳಗೊಂದು ಕೂರುವ, ಚಪ್ಪಟೆ ತಳದ ಮೂರು ಸ್ಟೀಲ್ ಡಬ್ಬಗಳನ್ನು ತಂದಿದ್ದೇನೆ. ಸಂಶೋಧಕರಾದ ಜಿಯಾಜಿಯೆ ಜಾಂಗ್ ಮತ್ತು ಡೊನಾಲ್ಡ್ ನಾರ್ಮನ್ 1994ರಲ್ಲಿ ಇದೇ ಸಮಸ್ಯೆಯನ್ನು ಕಾಫಿ ತುಂಬಿದ ಕಪ್ಪುಗಳಿಂದ ಮಾಡಿದ್ದನ್ನು ನಾನು ನೀರು ತುಂಬಿದ ಡಬ್ಬಗಳಿಂದ ಮಾಡುತ್ತಿದ್ದೇನೆ. ಇಲ್ಲಿ ಗೂಟಗಳ ಬದಲು ತಟ್ಟೆಗಳು, ದೊಡ್ಡ ಡಬ್ಬ ಮೇಲೆ ಬರಬೇಕು. ದೊಡ್ಡದರ ಮೇಲೆ ಚಿಕ್ಕದನ್ನಿಟ್ಟರೆ ಅದು ಒಳಗೆ ಮುಳುಗಿ ನೀರು ಚೆಲ್ಲುತ್ತದೆ. ಹೀಗಾಗಿ ಆ ನಿಯಮವನ್ನು ಬಾಯಲ್ಲಿ ಹೇಳುವ ಅಗತ್ಯವೇ ಇಲ್ಲ, ಆಡುವವರು ಅದನ್ನು ನೆನಪಿಟ್ಟುಕೊಳ್ಳುವ ಭಾರವೂ ಇಲ್ಲ. ಲೆಕ್ಕದ ಸಮಸ್ಯೆ ಎಂದರೆ ದೂರ ಸರಿಯುತ್ತಿದ್ದ ನಮ್ಮ ದೊಡ್ಡಮ್ಮ ಇದನ್ನು ನೋಡಿ, "ಇಷ್ಟೇ ಏನೋ? ಮೇಲಿನ ದೊಡ್ಡದನ್ನ ಮೊದ್ಲು ಅಲ್ಲಿಡು" ಎಂದು ತಾವೇ ಶುರುಮಾಡಿ, ತಟ್ಟೆ ಒದ್ದೆಯಾಗದಂತೆ ಮುಗಿಸಿದರು. ಬಿಲ್ಲೆಗಳ ಆಟದಲ್ಲಿ ಅವರು ನಿಯಮವನ್ನು ಮತ್ತೆ ಮತ್ತೆ ಕೇಳುತ್ತಿದ್ದರು.

ಇನ್ನು ಉಳಿದಿರುವುದು ಬರೀ ಕಥೆಯ ರೂಪ. ಕೆನೆತ್ ಕೊಟೊವ್‌ಸ್ಕಿ, ಜಾನ್ ಹೇಯ್ಸ್ ಮತ್ತು ಸೈಮನ್ 1985ರಲ್ಲಿ ಇದೇ ಸಮಸ್ಯೆಯನ್ನು ರಾಕ್ಷಸರು ಮತ್ತು ಗೋಳಗಳ ಕಥೆಯಾಗಿ ಕೊಟ್ಟಾಗ, ಒಳಗಿನ ರಚನೆ ಒಂದೇ ಆಗಿದ್ದರೂ ಕೆಲವು ರೂಪಗಳಿಗೆ ಸುಮಾರು 16 ಪಟ್ಟು ಹೆಚ್ಚು ಸಮಯ ಹಿಡಿದಿತ್ತು. ನಾನು ಅದನ್ನು ಮೂವರು ಯಕ್ಷಗಾನ ವೇಷಧಾರಿಗಳ ಕಿರೀಟಗಳ ಕಥೆಯಾಗಿ ಬರೆಯುತ್ತಿದ್ದೇನೆ. ಮರದ ಸೆಟ್ಟನ್ನು ಉಜ್ಜಿ ಸಡಿಲ ಮಾಡಿಯಾಗಿದೆ. ಗೂಟಗಳು ಬೇಕೆಂದೇ ದಪ್ಪಗಿರುವ ಎರಡನೆಯ ಸೆಟ್ಟನ್ನು ಬಡಗಿಯವರು ಗಣೇಶ ಚತುರ್ಥಿ ಕಳೆದ ಮೇಲೆ ಕೊಡುತ್ತೇನೆಂದಿದ್ದಾರೆ. ಆಗ ಸಡಿಲು, ಬಿಗಿ ಎರಡನ್ನೂ ಒಂದೇ ಹವೆಯಲ್ಲಿ ಹೋಲಿಸಬಹುದು.