ತಂಪು ಬಿಯರಿನ ಕಾನೂನು

ಅಮೆರಿಕದಲ್ಲಿ 1933ರಲ್ಲಿ ಪಾನನಿಷೇಧ ರದ್ದಾದಾಗ ಮದ್ಯ ಮಾರಾಟವನ್ನು ನಿಯಂತ್ರಿಸುವ ಅಧಿಕಾರ ಆಯಾ ರಾಜ್ಯಗಳಿಗೆ ಬಂತು. ಆ ಕಾಲದ ಅಳುಕಿನಲ್ಲಿ ಹುಟ್ಟಿದ ಎಷ್ಟೋ ಕಟ್ಟಳೆಗಳು ಇಂದಿಗೂ ಉಳಿದುಕೊಂಡಿವೆ. ಇಂಡಿಯಾನಾ ರಾಜ್ಯದ ಅಂಗಡಿಗಳಲ್ಲಿ ಭಾನುವಾರ ಮದ್ಯ ಕೊಂಡು ಮನೆಗೆ ಒಯ್ಯಲು ಅವಕಾಶ ಸಿಕ್ಕಿದ್ದು 2018ರಲ್ಲಿ, ಅದೂ ಮಧ್ಯಾಹ್ನ 12ರಿಂದ ರಾತ್ರಿ 8ರವರೆಗೆ ಮಾತ್ರ. ಅದಾದ ಮೇಲೂ ದಿನಸಿ ಅಂಗಡಿಯವರು ಸಾಮಾನ್ಯವಾಗಿ ಬಿಯರನ್ನು ಫ್ರಿಜ್ಜಿನಲ್ಲಿಟ್ಟು ಮಾರುವಂತಿಲ್ಲ ಎಂಬ ನಿಯಮ ಹಾಗೆಯೇ ಮುಂದುವರಿಯಿತು. ಅದೇ ಬಾಟಲಿ ಮದ್ಯದಂಗಡಿಯಲ್ಲಾದರೆ ತಣ್ಣಗೆ ಸಿಗುತ್ತದೆ. ಇದು ಜನರ ಆರೋಗ್ಯದ ಕಾಳಜಿಯಲ್ಲ, ವ್ಯಾಪಾರದ ಪಾಲು ಹಂಚಿಕೆ ಎಂಬುದು ನನ್ನ ಖಚಿತ ಅಭಿಪ್ರಾಯ, ಸುಧಾರಣೆಯ ಚರ್ಚೆ ಇಲ್ಲಿಂದಲೇ ಆರಂಭವಾಗಬೇಕು. ಹಾಗೆಂದು ಎಲ್ಲವನ್ನೂ ಸಡಿಲಿಸಿ ಎನ್ನಲಾರೆ: ಕುಡಿತದಿಂದ ಸಂಸಾರಗಳು ಹಾಳಾಗುವುದು ಸುಳ್ಳಲ್ಲವಾದ್ದರಿಂದ 21 ವರ್ಷದ ವಯೋಮಿತಿಯೂ ಕುಡಿದು ವಾಹನ ಓಡಿಸುವವರ ಮೇಲಿನ ಶಿಕ್ಷೆಯೂ ಬಿಗಿಯಾಗಿಯೇ ಇರಲಿ.