ಟಿವಿ ಡಿಬೇಟ್ ನೋಡಿ ವೋಟ್ ಬದಲಾಯಿಸಿದೋರು ಯಾರಾದ್ರೂ ಇದಾರಾ?

ಎಲೆಕ್ಷನ್ ಬಂತು ಅಂದ್ರೆ ಸಾಕು, "ಧಮ್ ಇದ್ರೆ ಬಹಿರಂಗ ಚರ್ಚೆಗೆ ಬರ್ಲಿ" ಶುರುವಾಗುತ್ತೆ. ಜಾಗ ಅವ್ರೇ ಹೇಳ್ಲಿ, ಟೈಮ್ ಅವ್ರೇ ಹೇಳ್ಲಿ, ನಾನ್ ರೆಡಿ ಅಂತ ಇವ್ರು. ಮಾರನೇ ದಿನ ಆ ಕಡೆಯಿಂದ "ನಾನೂ ರೆಡಿನೇ, ಆದ್ರೆ ಅವ್ರ ಲೆವೆಲ್ಲಿಗೆ ಇಳಿಯಲ್ಲ". ಆಮೇಲೆ ಎರಡು ದಿನ ಎಲ್ಲಾ ಚಾನೆಲ್ಲಲ್ಲೂ "ಚರ್ಚೆಗೆ ಬರ್ತಾರಾ ಇಲ್ವಾ" ಅನ್ನೋದರ ಬಗ್ಗೆನೇ ಚರ್ಚೆ. ಅಲ್ಲಿಗೆ ಕಥೆ ಮುಗೀತು.

2018ರದ್ದು ನೆನಪಿದೆಯಾ. ಮೇ 1ನೇ ತಾರೀಕು ಚಾಮರಾಜನಗರ ಜಿಲ್ಲೆ ಸಂತೇಮರಹಳ್ಳಿಲಿ ಮೋದಿ ಭಾಷಣ. ರಾಹುಲ್ ಗಾಂಧಿಗೆ ಸವಾಲು ಹಾಕಿದ್ರು, ಕರ್ನಾಟಕದಲ್ಲಿ ನಿಮ್ಮ ಸರ್ಕಾರ ಏನ್ ಮಾಡಿದೆ ಅಂತ ಕೈಯಲ್ಲಿ ಪೇಪರ್ ಇಲ್ದೆ 15 ನಿಮಿಷ ಮಾತಾಡಿ ನೋಡೋಣ, ಹಿಂದಿ ಆಗ್ಲಿ ಇಂಗ್ಲಿಷ್ ಆಗ್ಲಿ ನಿಮ್ಮ ತಾಯಿಯ ಭಾಷೆನೇ ಆಗ್ಲಿ, ಜೊತೆಗೆ ವಿಶ್ವೇಶ್ವರಯ್ಯ ಅನ್ನೋ ಹೆಸರನ್ನ ಐದು ಸಲ ಹೇಳಿ ಅಂತ. ಸಿದ್ದರಾಮಯ್ಯ ಬಿಡ್ತಾರಾ, ನೀವು ಪೇಪರ್ ನೋಡ್ಕೊಂಡೇ ಯಡಿಯೂರಪ್ಪನವರ ಸರ್ಕಾರದ ಸಾಧನೆ ಬಗ್ಗೆ 15 ನಿಮಿಷ ಮಾತಾಡಿ ಅಂತ ತಿರುಗಿಸಿ ಬಿಟ್ರು. ಮಜವಾಗಿತ್ತು, ಸುಳ್ಳು ಹೇಳಬಾರದು, ಎರಡೂ ಕಡೆಯೋರು ಸ್ಟೇಟಸ್ ಹಾಕ್ಕೊಂಡು ಮೆರೆದ್ರು. ಮೇ 12ಕ್ಕೆ ವೋಟಿಂಗ್ ಆಯ್ತು, ಆ 15 ನಿಮಿಷ ಯಾರೂ ಮಾತಾಡಲಿಲ್ಲ. ಕೊನೆಗೆ ಈ ಪೇಪರ್ ಜಗಳದಲ್ಲಿ ಇಲ್ಲದೇ ಇದ್ದ, 37 ಸೀಟ್ ಗೆದ್ದಿದ್ದ ಜೆಡಿಎಸ್‌ನ ಕುಮಾರಸ್ವಾಮಿ ಸಿಎಂ ಆದ್ರು.

2024ರಲ್ಲಿ ಸ್ವಲ್ಪ ಸೀರಿಯಸ್ಸಾಗೇ ಒಂದು ಪ್ರಯತ್ನ ಆಯ್ತು. ಸುಪ್ರೀಂ ಕೋರ್ಟಿನ ನಿವೃತ್ತ ಜಡ್ಜ್ ಮದನ್ ಲೋಕೂರ್, ದೆಹಲಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಆಗಿದ್ದ ಎ.ಪಿ. ಶಾ, ಪತ್ರಕರ್ತ ಎನ್. ರಾಮ್, ಮೂವರೂ ಸೇರಿ ಮೋದಿಗೂ ರಾಹುಲ್‌ಗೂ ಪತ್ರ ಬರೆದ್ರು, ಯಾವ ಪಕ್ಷಕ್ಕೂ ಸೇರದ ವೇದಿಕೆ ಮೇಲೆ ಇಬ್ಬರೂ ಚರ್ಚೆ ಮಾಡಿ ಅಂತ. ರಾಹುಲ್ ಒಪ್ಕೊಂಡ್ರು. ಬಿಜೆಪಿಯವರು ನಮ್ಮ ಕಡೆಯಿಂದ ಯುವ ಮೋರ್ಚಾ ಉಪಾಧ್ಯಕ್ಷ ಅಭಿನವ್ ಪ್ರಕಾಶ್ ಬರ್ತಾರೆ ಅಂದ್ರು. ಅಲ್ಲಿಗೆ ಅದೂ ಢಮಾರ್. ಇನ್ನೊಂದು ತಮಾಷೆ ಅಂದ್ರೆ ಆ ಪತ್ರ ಬಂದಿದ್ದು ಮೇ 9ಕ್ಕೆ, ನಮ್ಮ ಕರ್ನಾಟಕದ ಎರಡನೇ ಹಂತದ ಮತದಾನ ಮೇ 7ಕ್ಕೇ ಮುಗಿದಿತ್ತು. ಅಂದ್ರೆ ಆ ಡಿಬೇಟ್ ಅಕಸ್ಮಾತ್ ನಡೆದಿದ್ರೂ ನಾವು ಬೆರಳಿಗೆ ಇಂಕ್ ಹಾಕಿಸ್ಕೊಂಡು ಕೂತು ನೋಡಬೇಕಿತ್ತು ಅಷ್ಟೇ.

ಈ ವಿಷಯದಲ್ಲಿ ಬರೀ ನಾಯಕರನ್ನ ಬೈದು ಪ್ರಯೋಜನ ಇಲ್ಲ. ಅಮೆರಿಕದಲ್ಲಿ ಇಬ್ಬರು ಕ್ಯಾಂಡಿಡೇಟ್, ಇಬ್ಬರನ್ನೂ ನಿಲ್ಲಿಸಿ ಮಾತಾಡಿಸಬಹುದು. ನಮ್ಮಲ್ಲಿ ಯಾರನ್ನ ನಿಲ್ಲಿಸ್ತೀರಾ? 2023ರಲ್ಲಿ ಕಾಂಗ್ರೆಸ್ ಸಿಎಂ ಕ್ಯಾಂಡಿಡೇಟ್ ಯಾರು ಅಂತಾನೇ ಹೇಳಿರಲಿಲ್ಲ, 135 ಸೀಟ್ ಗೆದ್ದು ಮೇ 13ಕ್ಕೆ ರಿಸಲ್ಟ್ ಬಂದ್ರೂ ಡೆಲ್ಲಿಲಿ ಮೀಟಿಂಗ್ ಮೇಲೆ ಮೀಟಿಂಗ್ ನಡೆದು ಸಿದ್ದರಾಮಯ್ಯ ಅಂತ ಅನೌನ್ಸ್ ಆಗೋಕೆ ಮೇ 18 ಆಯ್ತು. ಏಪ್ರಿಲ್‌ನಲ್ಲೇ ಡಿಬೇಟ್ ಇಟ್ಟಿದ್ರೆ ಕಾಂಗ್ರೆಸ್ ಕಡೆ ಕುರ್ಚಿಲಿ ಸಿದ್ದರಾಮಯ್ಯ ಕೂರಬೇಕಿತ್ತಾ ಡಿ.ಕೆ. ಶಿವಕುಮಾರ್ ಕೂರಬೇಕಿತ್ತಾ, ಅದಕ್ಕೇ ಒಂದು ಡಿಬೇಟ್ ಆಗ್ತಿತ್ತು. ವೋಟ್ ಕೇಳೋ ಕ್ಯಾಂಡಿಡೇಟೇ ಎದ್ದು ನಿಂತು ಎದುರಾಳಿ ಜೊತೆ ವಾದ ಮಾಡೋದನ್ನ ಇಂಡಿಯಾದಲ್ಲಿ ನೋಡಬೇಕು ಅಂದ್ರೆ ಜೆಎನ್‌ಯು ಸ್ಟೂಡೆಂಟ್ ಯೂನಿಯನ್ ಎಲೆಕ್ಷನ್ ನೋಡಬೇಕು ಅನ್ಸುತ್ತೆ, ಅಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತೋರ ಡಿಬೇಟ್ ಕೇಳೋಕೆ ರಾತ್ರಿ ಇಡೀ ಹುಡುಗ್ರು ಕೂತಿರ್ತಾರೆ.

ಹಾಗಾಗಿ ನಮಗೆ ಡಿಬೇಟ್ ಅಂತ ಸಿಗೋದು ರಾತ್ರಿ ಊಟದ ಟೈಮಿನ ಪ್ಯಾನೆಲ್. ನಮ್ಮ ಮನೇಲಿ ಮಾವನವರ ಕೈಲಿ ರಿಮೋಟ್ ಇರುತ್ತೆ, ಹಾಗಾಗಿ ತಪ್ಪಿಸ್ಕೊಳ್ಳೋ ಹಾಗಿಲ್ಲ. ಸ್ಕ್ರೀನಲ್ಲಿ ಎಂಟು ಡಬ್ಬಿ, ಒಂದೊಂದು ಡಬ್ಬೀಲಿ ಒಂದೊಂದು ತಲೆ, ನಡುವೆ ಆ್ಯಂಕರ್, ಕೆಳಗೆ ಓಡೋ ಅಕ್ಷರ, ಅದರ ಕೆಳಗೆ ಚಿನ್ನದ ರೇಟು, ಆಗಾಗ ಪಕ್ಕದಿಂದ ನುಗ್ಗಿ ಇಡೀ ಚಿತ್ರಾನ ಮೂಲೆಗೆ ತಳ್ಳೋ ಸಿಮೆಂಟ್ ಜಾಹೀರಾತು. ಎಡಗಡೆ ಕೊನೇ ಡಬ್ಬೀಲಿ ಒಬ್ಬರು ನಿವೃತ್ತ ಅಧಿಕಾರಿ ಇರ್ತಾರೆ ಪಾಪ, ಏನೋ ಗೊತ್ತಿರೋ ವಿಷಯ ಹೇಳೋಕೆ ಬಾಯಿ ತೆಗೀತಾರೆ, "ಸರ್ ಒಂದೇ ನಿಮಿಷ ಸರ್, ಬ್ರೇಕ್ ಆದ್ಮೇಲೆ ನಿಮ್ಮ ಹತ್ರನೇ ಬರ್ತೀನಿ". ಬ್ರೇಕ್ ಆದ್ಮೇಲೆ ಅವರ ಡಬ್ಬಿನೇ ಇರಲ್ಲ. ಮಾವ ಇದನ್ನೆಲ್ಲ ಪೂರ್ತಿ ನೋಡ್ತಾರೆ, ಬೈತಾರೆ, ನಗ್ತಾರೆ. ಅವರ ವೋಟು ಮಾತ್ರ ನನಗೆ ಗೊತ್ತಿರೋ ಹಾಗೆ ಜನತಾ ಪಕ್ಷದ ಕಾಲದಿಂದ ಒಂದೇ ದಾರೀಲಿ ಬಂದು ಈಗ ಜೆಡಿಎಸ್ಸಲ್ಲಿ ನಿಂತಿದೆ. ಡಿಬೇಟ್ ನೋಡಿ ನಿಮ್ಮ ಅಭಿಪ್ರಾಯ ಯಾವತ್ತಾದ್ರೂ ಬದಲಾಗಿದೆಯಾ ಅಂತ ಕೇಳಿದ್ರೆ "ಅದಕ್ಕ್ಯಾರು ನೋಡ್ತಾರೆ ಕಣಮ್ಮ, ನಮ್ಮೋನು ಅವ್ನಿಗೆ ಸರಿಯಾಗ್ ಉತ್ರ ಕೊಡ್ತಾನಾ ಅಂತ ನೋಡೋದು" ಅಂದ್ರು.

ಇದನ್ನ ನೋಡಿ ನೋಡಿ ನನಗೆ ಅನ್ಸಿರೋದು ಏನಂದ್ರೆ, ಆ ಡಬ್ಬಿಲಿ ಕೂತ ವಕ್ತಾರರು ನಮ್ಮ ಜೊತೆ ಮಾತಾಡ್ತಾನೇ ಇಲ್ಲ. ಅವರು ಮಾತಾಡ್ತಿರೋದು ಅವರ ಪಕ್ಷದ ಜೊತೆ. ಎದುರು ಪಾರ್ಟಿಯೋನನ್ನ ಎಷ್ಟು ಜೋರಾಗಿ ತರಾಟೆಗೆ ತಗೊಂಡೆ ಅನ್ನೋ ಕ್ಲಿಪ್ಪು ಆಫೀಸಿಗೆ ಮುಟ್ಟಬೇಕು, ಅಧ್ಯಕ್ಷರು ನೋಡಬೇಕು, ನಾಳೆ ನಿಗಮ ಮಂಡಳಿ ಹಂಚೋವಾಗಲೋ ಎಂಎಲ್‌ಸಿ ಲಿಸ್ಟ್ ಮಾಡೋವಾಗಲೋ ಹೆಸರು ನೆನಪಿಗೆ ಬರಬೇಕು. ತಪ್ಪು ಅಂತಲ್ಲ, ಅವರ ಕೆಲಸ ಅದು. ಆದ್ರೆ ಎದುರಿಗಿರೋನ ಮಾತು ಸರಿ ಅಂತ ಒಂದೇ ಒಂದು ಸಲ ಒಪ್ಕೊಂಡ್ರೂ ಅವನ ಕೆಲಸ ಹೋಗುತ್ತೆ ಅನ್ನೋ ಕಡೆ ಚರ್ಚೆ ಅನ್ನೋದು ಹೇಗೆ ಆಗುತ್ತೆ ಹೇಳಿ.

ನಿಜವಾಗ್ಲೂ ಮತದಾರರ ಮಧ್ಯೆ ನಡೆಯೋ ಡಿಬೇಟ್ ಒಂದನ್ನ ನಾನು ಕಣ್ಣಾರೆ ನೋಡಿದೀನಿ, 2023ರ ಎಲೆಕ್ಷನ್ ಟೈಮಲ್ಲಿ, ತುಮಕೂರು ಜಿಲ್ಲೆಲಿರೋ ನನ್ನ ತವರು ತಾಲೂಕಲ್ಲಿ. ಒಂದು ಚಾನೆಲ್ಲಿನ ಓಬಿ ವ್ಯಾನ್ ಬಂದು ಜೂನಿಯರ್ ಕಾಲೇಜ್ ಮೈದಾನದಲ್ಲಿ ನಿಂತಿತ್ತು, ಪ್ಲಾಸ್ಟಿಕ್ ಕುರ್ಚಿ ಹಾಕಿದ್ರು, ಮೂರೂ ಪಕ್ಷದ ಕ್ಯಾಂಡಿಡೇಟ್ ಬರ್ತಾರೆ, ಜನ ನೇರವಾಗಿ ಪ್ರಶ್ನೆ ಕೇಳಬಹುದು ಅಂತ ಆಟೋದಲ್ಲಿ ಮೈಕ್ ಕಟ್ಟಿ ಕೂಗಿಸಿದ್ರು. ನಾವು ಹೋಗೋಷ್ಟರಲ್ಲಿ ಮುಂದಿನ ಐದಾರು ಸಾಲು ಫುಲ್, ಎಲ್ಲಾ ಶಾಲು ಹಾಕ್ಕೊಂಡಿರೋ ಹುಡುಗರು, ಎಡಗಡೆ ಒಂದ್ ಬಣ್ಣ ಬಲಗಡೆ ಇನ್ನೊಂದ್ ಬಣ್ಣ. ಕ್ಯಾಂಡಿಡೇಟ್‌ಗಳಲ್ಲಿ ಬಂದಿದ್ದು ಒಬ್ಬರೇ. ಇನ್ನೊಬ್ಬರು ತಮ್ಮ ತಮ್ಮನನ್ನ ಕಳಿಸಿದ್ರು, ಮೂರನೇಯವರದು ಬ್ಲಾಕ್ ಅಧ್ಯಕ್ಷರು. ಲೈವ್ ಶುರುವಾಗ್ತಿದ್ದ ಹಾಗೆ ಜೈಕಾರ, ಆ ಕಡೆಯಿಂದ ಅದಕ್ಕೆ ಡಬಲ್ ಜೈಕಾರ, ಆ್ಯಂಕರ್ ಹುಡುಗಂಗೆ ಬೇಕಾಗಿದ್ದೂ ಅದೇ ಅನ್ಸುತ್ತೆ, ಸೌಂಡ್ ಕಮ್ಮಿ ಆದಾಗೆಲ್ಲ ಕೈ ಎತ್ತಿ ಎತ್ತಿ ಇನ್ನೂ ಜೋರು ಮಾಡಿಸ್ತಿದ್ದ.

ಮಧ್ಯದಲ್ಲಿ ಒಬ್ಬರು ಹೆಂಗಸು, ಐವತ್ತರ ಮೇಲಿರಬಹುದು, ಹೇಗೋ ಮೈಕ್ ಕೈಗೆ ತಗೊಂಡ್ರು. "ಹೇಮಾವತಿ ನೀರು ನಮ್ಮೂರ್ ಕೆರೆಗೆ ಬಿಡ್ತೀವಿ ಅಂತ ನಮ್ಮತ್ತೆ ಕಾಲದಿಂದ ಕೇಳ್ತಾ ಇದೀವಿ, ಯಾವ್ ತಿಂಗಳು ಬಿಡ್ತೀರಾ ಅಂತ ಹೇಳಿ ಸಾಕು" ಅಂದ್ರು. ಯಾವ ವರ್ಷ ಅಂತಲ್ಲ, ಯಾವ ತಿಂಗಳು. ಬಂದಿದ್ದ ಒಬ್ಬರೇ ಕ್ಯಾಂಡಿಡೇಟ್ ಒಂದು ಕ್ಷಣ ಸುಮ್ನಾಗಿ, ನಾಲೆ ಕೆಲಸ ಎಲ್ಲಿಗೆ ನಿಂತಿದೆ ಅಂತ ಹೇಳೋಕೆ ಶುರು ಮಾಡಿದ್ರು, ಊರಿನ ಹೆಸರು ಹೇಳಿ, ಯಾರ ಜಮೀನಿನ ತಕರಾರು ಅಂತಾನೂ ಹೇಳಿ. ಅಷ್ಟೊತ್ತಿಗೆ ತಮ್ಮನವರ ಕಡೆಯೋರು ಗಲಾಟೆ ಎಬ್ಬಿಸಿದ್ರು, ಕುರ್ಚಿ ಎತ್ತಿದ್ರು, ಪೊಲೀಸ್ ಬಂದ್ರು, ಆ್ಯಂಕರ್ "ಬ್ರೇಕ್" ಅಂದ. ರಾತ್ರಿ ಟಿವೀಲಿ ರಿಪೀಟ್ ಹಾಕ್ದಾಗ ಕುರ್ಚಿ ಎತ್ತಿದ್ದು ಇತ್ತು, ಆ ಹೆಂಗಸಿನ ಪ್ರಶ್ನೆ ಕಟ್. ಇಡೀ ಕಾರ್ಯಕ್ರಮದಲ್ಲಿ ಕೆಲಸಕ್ಕೆ ಬರೋ ಮಾತು ಅಂತ ಇದ್ದಿದ್ದು ಆ ಒಂದೂವರೆ ನಿಮಿಷ.

ಹಾಗಾದ್ರೆ ನಾಯಕರೇ ಬಂದು ಸರಿಯಾಗಿ ಡಿಬೇಟ್ ಮಾಡೋ ದೇಶಗಳಲ್ಲಿ ವೋಟು ಬದಲಾಗುತ್ತಾ ಅಂತ ನೀವು ಕೇಳಬಹುದು. ಕ್ಯಾರೊಲಿನ್ ಲ ಪೆನೆಕ್, ವಿನ್ಸೆಂಟ್ ಪಾನ್ಸ್ ಅಂತ ಇಬ್ಬರು ಸಂಶೋಧಕರು 62 ಎಲೆಕ್ಷನ್, 56 ಟಿವಿ ಡಿಬೇಟ್‌ಗಳ ಡೇಟಾ ಹಿಡ್ಕೊಂಡು ಕೂತಿದ್ರು. ವೋಟಿಂಗಿಗೆ ಮುಂಚೆ ಯಾರಿಗೆ ಹಾಕ್ತೀನಿ ಅಂದಿದ್ರು, ಆಮೇಲೆ ಯಾರಿಗೆ ಹಾಕಿದ್ರು ಅಂತ ಒಬ್ಬೊಬ್ಬ ಮತದಾರನದ್ದೂ ಹೋಲಿಸಿ ನೋಡಿದ್ರೆ, ಕೊನೇ ಎರಡು ತಿಂಗಳಲ್ಲಿ ಮನಸ್ಸು ಗಟ್ಟಿ ಮಾಡ್ಕೊಳ್ಳೋರು 17ರಿಂದ 29 ಪರ್ಸೆಂಟ್ ಇದಾರೆ, ಕಮ್ಮಿ ಏನಲ್ಲ. ಆದ್ರೆ ಡಿಬೇಟ್ ಆದ ದಿನದ ಹಿಂದೆ ಮುಂದೆ ನೋಡಿದ್ರೆ ಅದರಿಂದ ಏನೂ ಕದಲಿಲ್ಲ! ಇಂಗ್ಲೆಂಡಲ್ಲಿ 2010ರಲ್ಲಿ ಮೊದಲನೇ ಸಲ ನಾಯಕರ ಟಿವಿ ಡಿಬೇಟ್ ಆದಾಗ ಲಿಬರಲ್ ಡೆಮಾಕ್ರಾಟ್ ಪಕ್ಷದ ನಾಯಕ ನಿಕ್ ಕ್ಲೆಗ್ ರಾತ್ರೋರಾತ್ರಿ ಸ್ಟಾರ್ ಆಗ್ಬಿಟ್ರು, ಎಲ್ಲೆಲ್ಲೂ ಅವರದ್ದೇ ಮಾತು, ರಿಸಲ್ಟ್ ಬಂದಾಗ ಅವರ ಪಕ್ಷಕ್ಕೆ 57 ಸೀಟು, ಹಿಂದಿನ ಸಲಕ್ಕಿಂತ ಐದು ಕಮ್ಮಿ.

2024ರ ಅಮೆರಿಕದ ಎರಡು ಡಿಬೇಟ್ ಅಂತೂ ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. ಜೂನ್ 27ಕ್ಕೆ ಅಟ್ಲಾಂಟಾದಲ್ಲಿ ಬೈಡನ್-ಟ್ರಂಪ್, ನಮ್ಮಲ್ಲಿ ಮಾರನೇ ದಿನ ಬೆಳಿಗ್ಗೆ ಆರೂವರೆ. ಬೈಡನ್ ಮಾತು ಮಧ್ಯದಲ್ಲೇ ತಪ್ಪಿ ಹೋಗೋದು, ಬಾಯಿ ತೆರೆದು ನಿಲ್ಲೋದು ನೋಡಿ ಡಲ್ಲಾಸಲ್ಲಿರೋ ನನ್ನ ತಂಗಿ ಫೋನ್ ಮಾಡಿ "ಅಯ್ಯೋ ನಮ್ಮ ತಾತ ಕಣೇ ಇದು" ಅಂದಿದ್ಳು. 24 ದಿನಕ್ಕೆ, ಜುಲೈ 21ರಂದು, ಬೈಡನ್ ಕಣದಿಂದಾನೇ ಹಿಂದೆ ಸರಿದ್ರು. ಆಮೇಲೆ ಸೆಪ್ಟೆಂಬರ್ 10ಕ್ಕೆ ಫಿಲಡೆಲ್ಫಿಯಾದಲ್ಲಿ ಕಮಲಾ ಹ್ಯಾರಿಸ್-ಟ್ರಂಪ್. ಮೊದಲನೇದನ್ನ 5.1 ಕೋಟಿ ಜನ ನೋಡಿದ್ರೆ ಇದನ್ನ 6.7 ಕೋಟಿ. ಡಿಬೇಟ್ ನೋಡಿದೋರ ಮಧ್ಯೆ ಸಿಎನ್ಎನ್ ಮಾಡಿದ ಪೋಲಲ್ಲಿ 63 ಪರ್ಸೆಂಟ್ ಹ್ಯಾರಿಸ್ಸೇ ಗೆದ್ರು ಅಂದ್ರು. ನವೆಂಬರ್‌ನಲ್ಲಿ ಗೆದ್ದಿದ್ದು ಟ್ರಂಪ್.

ಮೊದಲನೇ ಡಿಬೇಟಿಂದ ಬೈಡನ್ ಮನೆಗೆ ಹೋದ್ರಲ್ಲ, ಪವರ್ ಇದೆ ತಾನೇ ಅಂದ್ರೆ, ಇದೆ, ಆದ್ರೆ ಅಲ್ಲಿ ಹೆದರಿದ್ದು ಯಾರು? ಮತದಾರರು ಬೈಡನ್‌ಗೆ ವಯಸ್ಸಾಗಿದೆ ಅಂತ ಅದಕ್ಕೂ ಮುಂಚೆನೇ ಪೋಲ್ ಮೇಲೆ ಪೋಲಲ್ಲಿ ಹೇಳ್ತಾ ಇದ್ರು. ಆ ರಾತ್ರಿ ನಿದ್ದೆ ಕೆಟ್ಟಿದ್ದು ಡೆಮಾಕ್ರಟಿಕ್ ಪಕ್ಷದ ದೊಡ್ಡೋರದ್ದು, ದುಡ್ಡು ಕೊಡೋರದ್ದು, ತಮ್ಮ ಸೀಟು ಉಳಿಯುತ್ತಾ ಅಂತ ಲೆಕ್ಕ ಹಾಕ್ತಿದ್ದ ಎಂಪಿಗಳದ್ದು. ಇನ್ನು ಮುಚ್ಚಿಡೋಕಾಗಲ್ಲ ಅಂತ ಪಕ್ಷಕ್ಕೆ ಗೊತ್ತಾಯ್ತು. ನಮ್ಮಲ್ಲೂ ಹಾಗೇನೇ, 2022ರಲ್ಲಿ ಬಿಜೆಪಿ ವಕ್ತಾರೆ ನೂಪುರ್ ಶರ್ಮಾ ಒಂದು ಟಿವಿ ಡಿಬೇಟಲ್ಲಿ ಪ್ರವಾದಿ ಬಗ್ಗೆ ಆಡಿದ ಮಾತಿಗೆ ಕತಾರ್, ಕುವೈತ್ ನಮ್ಮ ರಾಯಭಾರಿಗಳನ್ನ ಕರೆಸಿ ಕೇಳಿದ್ವು, ಪಕ್ಷ ಅವರನ್ನ ಸಸ್ಪೆಂಡ್ ಮಾಡ್ತು. ಡಿಬೇಟಿಂದ ಪಕ್ಷಗಳಿಗೆ ಬಿಸಿ ತಟ್ಟುತ್ತೆ, ಅದಕ್ಕೇ ಅವರು ಇದನ್ನ ನಮಗಿಂತ ಜಾಸ್ತಿ ತಲೆಗೆ ಹಚ್ಕೊಂಡಿರೋದು. 2019ರಲ್ಲಿ ಲೋಕಸಭೆ ಸೋತ ಮೇಲೆ ಕಾಂಗ್ರೆಸ್ ಒಂದು ತಿಂಗಳು ಟಿವಿ ಡಿಬೇಟಿಗೆ ಯಾರನ್ನೂ ಕಳಿಸಲ್ಲ ಅಂತು, 2023ರ ಸೆಪ್ಟೆಂಬರಲ್ಲಿ ಇಂಡಿಯಾ ಮೈತ್ರಿಕೂಟ 14 ಆ್ಯಂಕರ್‌ಗಳ ಲಿಸ್ಟ್ ಮಾಡಿ ಇವರ ಶೋಗೆ ಹೋಗಲ್ಲ ಅಂತು. 2019ರ ಆ ತಿಂಗಳು ಕಾಂಗ್ರೆಸ್ ವಕ್ತಾರರು ಕಾಣಲಿಲ್ಲ ಅಂತ ಬೇಜಾರು ಮಾಡ್ಕೊಂಡ ಒಬ್ಬ ಮತದಾರನನ್ನೂ ನಾನಂತೂ ನೋಡಿಲ್ಲ.

ಅದೇ 2023ರ ಎಲೆಕ್ಷನ್‌ಗೆ ಮುಂಚೆ ಕಾಂಗ್ರೆಸ್ಸಿನೋರು ಮನೆಮನೆಗೆ ಹಂಚಿದ ಗ್ಯಾರಂಟಿ ಕಾರ್ಡ್ ನೋಡಿ, ಸಿದ್ದರಾಮಯ್ಯ, ಡಿಕೆಶಿ ಸೈನ್ ಹಾಕಿದ್ದು, ನಮ್ಮ ಮನೆ ಕೆಲಸಕ್ಕೆ ಬರೋ ಅಕ್ಕ ಅದನ್ನ ರೇಷನ್ ಕಾರ್ಡ್ ಜೊತೆ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಇಟ್ಕೊಂಡಿದ್ರು. ಎರಡು ಸಾವಿರ ರೂಪಾಯಿ, ಇನ್ನೂರು ಯೂನಿಟ್ ಕರೆಂಟು. ಅದು ಆಗುತ್ತಾ, ಖಜಾನೆಗೆ ತಡ್ಕೊಳೋ ಶಕ್ತಿ ಇದೆಯಾ ಅಂತ ಟಿವೀಲಿ ತಿಂಗಳುಗಟ್ಟಲೆ ಚರ್ಚೆ ಆಯ್ತು, ಒಳ್ಳೆ ಪ್ರಶ್ನೆನೇ ಅದು. ಆ ಅಕ್ಕ ಒಂದನ್ನೂ ನೋಡಿಲ್ಲ, ಆ ಟೈಮಿಗೆ ಅವರು ಇನ್ನೊಂದು ಮನೇಲಿ ಪಾತ್ರೆ ತೊಳೀತಿರ್ತಾರೆ.

ಇನ್ನು ಈಗಿನ ಹುಡುಗರು ಟಿವಿ ಹತ್ರನೇ ಬರಲ್ಲ. ಅವರಿಗೆ ಸಿಗೋದು 40 ಸೆಕೆಂಡಿನ ರೀಲ್ಸು, ಹಿಂದೆ ಕೆಜಿಎಫ್ ಮ್ಯೂಸಿಕ್ಕು, ಕೊನೇಲಿ ಕೂಲಿಂಗ್ ಗ್ಲಾಸ್ ಬಂದು ಕಣ್ಣ ಮೇಲೆ ಕೂರೋದು. ಅದರಲ್ಲಿ ಎದುರಿನೋನು ಏನ್ ಉತ್ತರ ಕೊಟ್ಟ ಅನ್ನೋದು ಇರೋದೇ ಇಲ್ಲ. ಒಂದೇ ಮಾತಿನ ಎರಡು ಕ್ಲಿಪ್ಪು, ಎರಡು ಗ್ರೂಪಲ್ಲಿ, ಎರಡರಲ್ಲೂ ಬೇರೆ ಬೇರೆಯೋರು ಗೆದ್ದಿರ್ತಾರೆ.

ನನ್ನ ಕೇಳಿದ್ರೆ ವೋಟ್ ಹಾಕೋರು ನಿಜವಾಗ್ಲೂ ನೋಡಬೇಕಾಗಿರೋ ಡಿಬೇಟ್ ವಿಧಾನಸಭೆದು. ಅಲ್ಲಿ ವಕ್ತಾರರಿಲ್ಲ, ನಾವೇ ಗೆಲ್ಲಿಸಿ ಕಳಿಸಿರೋರು, ಮಂತ್ರಿ ಎದ್ದು ನಿಂತು ಲೆಕ್ಕ ಕೊಡಲೇಬೇಕು, ಸುಳ್ಳು ಹೇಳಿದ್ರೆ ಹಕ್ಕುಚ್ಯುತಿ ಅಂತ ಹಿಡ್ಕೊಳ್ತಾರೆ. ಬಜೆಟ್ ಮೇಲಿನ ಚರ್ಚೆ ಒಂದಿನ ಪೂರ್ತಿ ಕೂತು ನೋಡಿ, ಬೋರು ಹೊಡೆಯುತ್ತೆ, ಆದ್ರೆ ಯಾವ ಎಂಎಲ್ಎ ತನ್ನ ಕ್ಷೇತ್ರದ ಬಗ್ಗೆ ಓದ್ಕೊಂಡು ಬಂದಿದಾರೆ, ಯಾರು ಮೂರು ಗಂಟೆಗೆಲ್ಲ ಎದ್ದು ಹೋಗ್ತಾರೆ ಅಂತ ಗೊತ್ತಾಗುತ್ತೆ. 2019ರ ಅಕ್ಟೋಬರಲ್ಲಿ ಸ್ಪೀಕರ್ ಆಗಿದ್ದ ಕಾಗೇರಿಯವರು ಖಾಸಗಿ ಚಾನೆಲ್ ಕ್ಯಾಮೆರಾ ಒಳಗೆ ಬರೋ ಹಾಗಿಲ್ಲ ಅಂತ ಆರ್ಡರ್ ಮಾಡಿದ್ರು, ಪತ್ರಕರ್ತರು ಪ್ರತಿಭಟನೆ ಮಾಡಿದ್ರು, ಪ್ಯಾನೆಲಲ್ಲೂ ಜೋರು ಗಲಾಟೆ ಆಯ್ತು. ನಮ್ಮ ತಾಲೂಕಲ್ಲಿ ಅದನ್ನ ಕೇಳಿದೋರೇ ಇಲ್ಲ. ಆ ಹೇಮಾವತಿ ನಾಲೆ ಬಗ್ಗೆ ನಮ್ಮ ಎಂಎಲ್ಎ ಗೆದ್ದ ಮೇಲೆ ಸದನದಲ್ಲಿ ಒಂದು ಪ್ರಶ್ನೆನಾದ್ರೂ ಕೇಳಿದಾರಾ ಅಂತ ಹುಡುಕ್ತಾ ಇದೀನಿ, ಸಿಕ್ಕಿದ್ರೆ ಇಲ್ಲೇ ಹಾಕ್ತೀನಿ.