ಗಂಡ ಇಲ್ದೋಳು ಸೋಬಾನೆ ಹಾಡ್ತೀಯಲ್ಲ ಅಂತ ಕೇಳೋರಿಗೆ

ಮದ್ವೆ ಮನೇಲಿ ಊಟಕ್ಕೆ ಕೂತಾಗ ಪಕ್ಕದ ಎಲೆಯೋರು ಮೆಲ್ಲಗೆ ಕೇಳ್ತಾರೆ. "ಅಲ್ಲ ಕಣಕ್ಕ, ಯಜಮಾನ್ರು ಇಲ್ವಂತೆ, ಮತ್ತೆ ಹಸೆ ಮುಂದೆ ಹಾಡ್ತೀರಲ್ಲ, ಯಾರೂ ಏನೂ ಅನ್ನಲ್ವ?" ಬೆಂಗ್ಳೂರಿಂದ ಬಂದೋರು ಇನ್ನೊಂದು ಥರ ಕೇಳ್ತಾರೆ, ಹಾಡಿದ್ರೆ ಮನಸ್ಸು ಹಗುರ ಆಗುತ್ತಂತೆ ಹೌದಾ ಅಂತ. ಎರಡಕ್ಕೂ ಇಲ್ಲೇ ಹೇಳ್ಬಿಡ್ತೀನಿ.

ಅಂತಾರೆ, ಯಾಕನ್ನಲ್ಲ. ಈಗ್ಲೂ ಕೆಲವು ಮನೇಲಿ ನಾನು ಅಡ್ಗೆಮನೆ ಬಾಗ್ಲು ಹತ್ರಾನೇ ನಿಂತು ಹಾಡೋದು.

2019ರಲ್ಲಿ ನಮ್ಮನೆಯವರು ಬೈಕಿಂದ ಬಿದ್ದು ಹೋಗ್ಬಿಟ್ರು. ನಾನಾಗ ಗಾರ್ಮೆಂಟ್ಸ್‌ಗೆ ಹೋಗ್ತಿದ್ದೆ, ಬಿಟ್ಬಿಟ್ಟೆ, ಟಿವಿ ಹಾಕ್ಕೊಂಡು ಗೋಡೆ ನೋಡ್ಕೊಂಡು ಕೂತಿರ್ತಿದ್ದೆ. ನಮ್ದು ಮಳವಳ್ಳಿ ಕಡೆ, ವಿಶ್ವೇಶ್ವರಯ್ಯ ನಾಲೆ ಕೊನೇ ಭಾಗದ ಊರು, ಕನ್ನಂಬಾಡೀಲಿ ನೀರು ಬಿಟ್ರೂ ನಮ್ಮ ಗದ್ದೆ ಮುಟ್ಟೋದು ಎಲ್ಲರದ್ದೂ ಆದ್ಮೇಲೆ. ಆ ಸಲ ನಾಟಿಗೆ ಆಳು ಸಿಗ್ಲಿಲ್ಲ ಅಂತ ನಮ್ಮ ಬೀದಿ ಅಜ್ಜಿ ಬಂದು ನನ್ನ ಎಬ್ಬಿಸ್ಕೊಂಡು ಹೋದ್ಳು. ಗದ್ದೇಲಿ ಮುತ್ತೈದೆ ಯಾರು ಅಲ್ಲ ಯಾರು ಅಂತ ಯಾರೂ ನೋಡಲ್ಲ ನೋಡಿ, ಪೈರು ನೆಟ್ರೆ ಸಾಕು. ಚಪ್ಪರದ ಕೆಳಗೆ ಬಂದ್ರೆ ಮಾತ್ರ ಹಣೆ ನೋಡ್ತಾರೆ.

ಬಗ್ಗಿ ನೆಡ್ತಾ ಅಜ್ಜಿ ನಾಟಿ ಪದ ಎತ್ತಿದ್ಳು, ಎರಡು ಸಾಲಿಗೆ ದಮ್ಮು ಹತ್ತಿ ನಿಂತ್ಕೊಂಡ್ಳು. "ಏಯ್ ಸೊಲ್ಲು ಹಿಡ್ಕಳವ್ವ, ಉಸ್ರು ಸಾಲ್ತಾ ಇಲ್ಲ ನಂಗೆ." ಪಾಪ ಅಂತ ಕರೆದಿದ್ರೆ ಹೋಗ್ತಾನೇ ಇರ್ಲಿಲ್ಲ ನಾನು. ಅವಳಿಗೆ ನಿಜವಾಗ್ಲೂ ಉಸಿರು ಬೇಕಿತ್ತು.

ಹಗುರ ಏನೂ ಆಗ್ಲಿಲ್ಲ. ಆದ್ರೆ ಈ ಹಾಡಲ್ಲಿ ಒಂದು ಅನುಕೂಲ ಇದೆ. ಮೂರು ಸಾಲಿನ ಪದ, ಒಬ್ರು ಎತ್ತಿದ್ದನ್ನ ಉಳಿದೋರು ಹಿಡೀತಾರೆ, ಎರಡ್ನೇ ಸಾಲನ್ನ ಅಲ್ಲೇ ಇನ್ನೊಂದು ಸಲ ತಿರುಗಿಸಿ ಆಮೇಲೆ ಮೂರ್ನೇದಕ್ಕೆ ಹೋಗೋದು. ಹಂಗಾಗಿ ನಡುವೆ ನಿಮ್ಮ ಗಂಟಲು ಕಟ್ಟಿದ್ರೂ ಹಾಡು ನಿಲ್ಲಲ್ಲ, ಪಕ್ಕದೋರು ಎಳ್ಕೊಂಡು ಹೋಗಿರ್ತಾರೆ, ಕಣ್ಣು ಒರೆಸ್ಕೊಂಡು ಮುಂದಿನ ಸಾಲಿಗೆ ಸೇರ್ಕೊಂಡ್ರಾಯ್ತು. ಹೆಣ್ಣು ಒಪ್ಪಿಸೋ ಪದದಲ್ಲಿ ನನಗೆ ಈಗ್ಲೂ ಕಟ್ಟುತ್ತೆ. ಯಾರಿಗೂ ಗೊತ್ತಾಗಲ್ಲ, ಅಲ್ಲಿ ಎಲ್ರೂ ಅಳ್ತಿರ್ತಾರೆ.

ಅಜ್ಜಿಗೂ 22ಕ್ಕೇ ಗಂಡ ಹೋಗಿದ್ದು, ಅದು ನಂಗೆ ಬಹಳ ತಡವಾಗಿ ಗೊತ್ತಾಯ್ತು. ಐವತ್ತು ವರ್ಷ ಗೋಡೆ ಹಿಂದೆ ನಿಂತು ಹಾಡವ್ಳೆ. ಮುಂದೆ ಕೂತ ಮುತ್ತೈದೇರು ಪದ ಮರೆತಾಗ್ಲೆಲ್ಲ ಒಳಗಿಂದ ಇವಳೇ ಎತ್ಕೊಡ್ತಿದ್ದಂತೆ. ಇವಳು ಬೇಕು, ಇವಳ ಮುಖ ಬೇಡ! ಕೊನೆಗೆ ಪದ ಗೊತ್ತಿರೋರು ಊರಲ್ಲಿ ಇವಳೊಬ್ಳೇ ಉಳ್ಕೊಂಡಾಗ ಅವರೇ ಚಾಪೆ ಹಾಸಿ ಮುಂದೆ ಕೂರಿಸಿದ್ರು. ಶಾಸ್ತ್ರ ಬದಲಾಯ್ತು ಅಂತ ನಾನಂತೂ ಹೇಳಲ್ಲ, ಗತಿ ಇರ್ಲಿಲ್ಲ ಅಷ್ಟೆ.

ಈಗ ನಂದು ಬರೆಯೋ ಕೆಲಸ. ಚಪ್ಪರದ್ದು, ಅರಿಶಿನದ್ದು, ಧಾರೇದು, ಮೈನೆರೆದ ಹುಡ್ಗೀರ ಒಸಗೇದು ಅಂತ ಬೇರೆ ಬೇರೆ ನೋಟ್‌ಬುಕ್ಕು, ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಂಡು ರಾತ್ರಿ ಕೂತು ಬರೀತೀನಿ, ತಪ್ಪು ಬರೆದ್ರೆ ಅಜ್ಜಿ ಬಯ್ತಾಳೆ, ಅವಳಿಗೆ ಓದಕ್ಕೇ ಬರಲ್ಲ, ನಾನು ಓದಿ ಹೇಳ್ಬೇಕು ಆಮೇಲೆ ಬೈಸ್ಕೋಬೇಕು. ರಾತ್ರಿ ಹೊತ್ತು ಹೆಂಗೆ ಕಳೆಯೋದು ಅಂತಿದ್ದೋಳು ಈಗ ಹೊತ್ತು ಸಾಲಲ್ಲ ಅಂತೀನಿ. ಒಂದು ಸಲ ರಾಮನಗರದ ಜಾನಪದ ಲೋಕಕ್ಕೂ ಕರ್ಕೊಂಡು ಹೋಗಿದ್ದೆ, ನಮ್ಮ ಮಂಡ್ಯ ಜಿಲ್ಲೇದೇ ನಾಗಮಂಗಲ ತಾಲೂಕಿನೋರು ಎಚ್.ಎಲ್. ನಾಗೇಗೌಡರು 1994ರಲ್ಲಿ ಮಾಡಿದ್ದು ಅಂತ ಹೆಮ್ಮೆಯಿಂದ ಹೇಳ್ತಿದ್ರೆ ಇವಳು ಬೀಸೋ ಕಲ್ಲು ಮುಂದೆ ನಿಂತು "ನಮ್ಮನೇದು ಇದ್ಕಿಂತ ದೊಡ್ದು, ಇದಕ್ಕೂ ಟಿಕೆಟ್ ಇಸ್ಕಂಡ್ರಾ?" ಅಂದ್ಳು.

ನಾಡಿದ್ದು ಮದ್ದೂರಲ್ಲಿ ಒಂದು ಮದ್ವೆ ಇದೆ, ಛತ್ರದಲ್ಲಿ. ಡಿಜೆ ಹುಡ್ಗ ನಮಗೆ ಹತ್ತು ನಿಮಿಷ ಕೊಡ್ತೀನಿ ಅಂದವ್ನೆ. ಅಜ್ಜಿ ನಿನ್ನೆಯಿಂದ್ಲೇ ಶುರು ಮಾಡವ್ಳೆ, "ಹತ್ತು ನಿಮಿಷಕ್ಕೆ ಹೆಣ್ಣು ಹಸೆಗೇ ಬಂದಿರಕ್ಕಿಲ್ಲ, ಆ ಹೈದಂಗೆ ವಸಿ ಫೋನ್ ಮಾಡು."